ಅತ್ತೆಯ ಟೆಲಿಫೋನ್ ಎಕ್ಸ್‌ಚೇಂಜ್

ಗಂಡ ಹೆಂಡತಿ ಮಾತಾಡಬೇಕಾದರೆ ನಡುವೆ ಅತ್ತೆ ಇರಲೇಬೇಕೆಂಬ ಸಂಸಾರದಲ್ಲಿ ಇಂಥದ್ದೆಲ್ಲ ನಡೆಯದೆ ಇನ್ನೇನು ನಡೆದೀತು!

ನಾನು ಅಬುಧಾಬಿಯ ಅಲ್ ಮೀನಾದಲ್ಲಿ ಸ್ಟೋರ್‌ಕೀಪರ್. ಹೆಂಡತಿ ಇಸ್ರೇಲಿ ವಸಾಹತೊಂದರಲ್ಲಿ ಮುದುಕಿಯೊಬ್ಬಳಿಗೆ ಹೋಮ್ ನರ್ಸ್. ಆಗ ಇಲ್ಲಿಂದ ಅಲ್ಲಿಗೆ ಫೋನ್ ಹೋಗುತ್ತಿರಲಿಲ್ಲ. ಹಾಗಾಗಿ ಗುರುವಾರ ಮಧ್ಯಾಹ್ನ ಉಡುಪಿಯಲ್ಲಿದ್ದ ಅತ್ತೆಯ ಒಂದು ಮೊಬೈಲಿಗೆ ನಾನು, ಇನ್ನೊಂದಕ್ಕೆ ಅವಳು ಫೋನ್ ಮಾಡುತ್ತಿದ್ದೆವು. ಅತ್ತೆ ಎರಡನ್ನೂ ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲೆ ಮುಖಾಮುಖಿ ಮಲಗಿಸುತ್ತಿದ್ದರು. ನಮಗಿಲ್ಲದ ಭಾಗ್ಯ ಆ ಮೊಬೈಲುಗಳಿಗಿತ್ತು.

೧. ಹಾಲು

ಅತ್ತೆ ಅಲ್ಲೇ ನಿಂತಿರುತ್ತಿದ್ದರು. "ಊಟ ಆಯ್ತಾ?" "ಆಯ್ತು, ನಿಮ್ದು?" ಎರಡು ವರ್ಷ ಇದೇ ನಮ್ಮ ಪ್ರೇಮ ಸಲ್ಲಾಪ. ರೂಮಿನಲ್ಲಿ ಆರು ಜನರ ನಡುವೆಯೂ ನನಗೆ ಒಂಟಿತನ ತಡೆಯಲಾಗುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ, "ಅತ್ತೇ, ಸ್ವಲ್ಪ ಹೊರಗೆ ಹೋಗ್ತೀರಾ?" ಎಂದೆ.

"ಹೋಗ್ತೇನೆ ಮಾರಾಯ್ರೇ. ಒಲೆ ಮೇಲೆ ಹಾಲುಂಟು, ಉಕ್ಕುವ ಸದ್ದು ಬಂದ್ರೆ ಕೂಗಿ."

ನಾನು ಗಂಟಲು ಸರಿಮಾಡಿಕೊಂಡು, "ನೋಡು, ನಂಗೆ ನಿನ್ನ..." ಎನ್ನುವಷ್ಟರಲ್ಲಿ ಅವಳು "ರೀ, ಚೊರ್ರ್ ಅಂತಿದೆ!" ಎಂದಳು. ಗಂಡ ಹೆಂಡತಿ ಎರಡು ದೇಶಗಳಿಂದ "ಹಾಲು! ಹಾಲು!" ಎಂದು ಅರಚಿದೆವು.

೨. ಸರ್ವೆ

ಅವಳು ನೋಡಿಕೊಳ್ಳುವ ಅಜ್ಜಿಗೆ ವಸಾಹತಿನ ಚರಿತ್ರೆ ಹೇಳುವುದೇ ಕೆಲಸ. ಮೊದಲು ಹತ್ತು ಹನ್ನೆರಡು ಕುಟುಂಬ ಬೆಟ್ಟ ಹತ್ತಿದ್ದು, ಡಬ್ಬಿಯಂಥ ಮನೆಗಳಲ್ಲಿ ನೀರಿಲ್ಲದೆ ಇದ್ದದ್ದು, ಈಗ ಕೆಂಪು ಹೆಂಚು, ಶಾಲೆ, ಗೇಟಿಗೆ ಕಾವಲು. ಹೊಸಬರು ಬಂದರೆ ಕಮಿಟಿ ಕೂತು ಒಪ್ಪಬೇಕಂತೆ.

ಅವಳು ಬೆಟ್ಟದ ಹೆಸರು ಸಮೇತ ಇದನ್ನೆಲ್ಲ ವರದಿ ಮಾಡುವಾಗ ನನ್ನ ಫೋನೂ ಸ್ಪೀಕರಿನಲ್ಲಿತ್ತು, ನಮ್ಮ ಮ್ಯಾನೇಜರ್ ಹಿಂದೆ ನಿಂತಿದ್ದರು. ಅವರು ಪ್ಯಾಲೆಸ್ತೀನಿನವರು. ಹೆಂಡತಿ ಸೈಪ್ರಸ್ಸಿನಲ್ಲಿದ್ದಾಳೆ ಎಂದು ನಾನು ಅವರಿಗೆ ಸುಳ್ಳು ಹೇಳಿದ್ದೆ.

"ಸೈಪ್ರಸ್ಸಿನಲ್ಲೂ ಈ ಹೆಸರಿನ ಬೆಟ್ಟ ಇದೆಯಾ?" ಎಂದರು. ಅವರ ಅಜ್ಜನ ಊರು ಅದೇ ಬೆಟ್ಟದ ಬುಡದಲ್ಲಂತೆ. ಕೆಲಸ ಖಲಾಸ್ ಎಂದುಕೊಂಡೆ. ಅವರು ಮೆಲ್ಲಗೆ, "ಕೆಳಗೆ ಆಲಿವ್ ಮರಗಳು ಇನ್ನೂ ಇವೆಯಾ, ಕೇಳು," ಎಂದರು.

"ಉಂಟು. ಅರ್ಧ ಬೇಲಿಯ ಒಳಗೆ ಬಂದಿದೆ," ಎಂದಳು ಹೆಂಡತಿ. ಅವರಿಗೆ ಹಾಗೇ ಹೇಳಿದೆ.

"ಆ ಅರ್ಧ ನಮ್ಮಜ್ಜನದು," ಎಂದರು ಮ್ಯಾನೇಜರ್.

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಉಡುಪಿಯಿಂದ ತೀರ್ಪು ಬಂತು: "ಹಾಗಾದ್ರೆ ಸರ್ವೆ ಮಾಡಿಸ್ಲಿಕ್ಕೆ ಹೇಳಿ!"

ಹೆದರುತ್ತಲೇ ಅನುವಾದಿಸಿದೆ. ಅವರು ನಗುವುದನ್ನು ಅಂದೇ ಮೊದಲು ನೋಡಿದ್ದು. "ಜಾಗದ ಕಾಗದ ಎಲ್ಲ ನನ್ನ ತಾಯಿಯ ಪೆಟ್ಟಿಗೆಯಲ್ಲಿದೆ," ಎಂದು ಕಣ್ಣೊರೆಸಿಕೊಂಡರು. "ನಿನ್ನ ಅತ್ತೆಯನ್ನೇ ಸರ್ವೆಗೆ ಕಳಿಸು."

೩. ಬಾಯಿ ಬಿಟ್ಟು ಹೇಳುವುದು

ಆ ಅಜ್ಜಿ ಮಹಾ ಮಡಿ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಯಹೂದಿಗಳ ವಿಶ್ರಾಂತಿ ದಿನವೆಂದು ಸ್ವಿಚ್ ಮುಟ್ಟುವುದಿಲ್ಲ, ಹಾಕು ಎನ್ನುವ ಹಾಗೂ ಇಲ್ಲ. "ಕೋಣೆ ಕತ್ತಲಾಯಿತಲ್ಲ," ಎನ್ನುತ್ತಿದ್ದಳಂತೆ. ನಮ್ಮವಳು "ಹೌದಜ್ಜಿ" ಎಂದಳು, ಮೊದಲ ವಾರ ಇಬ್ಬರೂ ಕತ್ತಲಲ್ಲೇ ಕೂತರು. ಆಮೇಲೆ ಅದು ದೀಪ ಹಾಕು ಎಂಬ ಸೂಚನೆಯೆಂದು ಕಲಿತಳು. ಎಷ್ಟು ಕಲಿತಳೆಂದರೆ, ತನಗೆ ಬೇಕಾದ್ದನ್ನೂ ಬಾಯಿ ಬಿಟ್ಟು ಹೇಳದಾದಳು.

"ನಾಡಿದ್ದು ಕಾಂಟ್ರಾಕ್ಟ್ ಮುಗೀತದೆ," ಎಂದಳು ಒಂದು ಗುರುವಾರ.

"ಹೌದಾ?"

"ಅಬುಧಾಬಿಯಲ್ಲಿ ನರ್ಸ್ ಕೆಲಸ ಸಿಗ್ತದಂತೆ."

"ಸಿಗ್ತದೆ."

"ಇಲ್ಲೇ ಇನ್ನೆರಡು ವರ್ಷಕ್ಕೆ ಸೈನ್ ಮಾಡ್ಲಾ?"

ಬೇಡ ಎಂದು ಕಿರುಚಬೇಕೆನಿಸಿತು. "ನಿನ್ನಿಷ್ಟ," ಎಂದೆ.

ಸೌಟು ಬಿದ್ದ ಸದ್ದಾಯಿತು. "ನಿಮ್ಮ ತಲೆ!" ಎಂದರು ಅತ್ತೆ. "ಕರೀರಿ ಅಂತ ಹೇಳ್ತಿದ್ದಾಳೆ ಅವಳು! ಕರೀಲಿಕ್ಕೆ ಬಾಯಿಲ್ವಾ?"

ನಾನು ಕಣ್ಣುಮುಚ್ಚಿ ಒಂದೇ ಉಸಿರಿಗೆ ಹೇಳಿಬಿಟ್ಟೆ: "ಬಂದುಬಿಡು ಮಾರಾಯ್ತಿ, ನೀನಿಲ್ಲದೆ ನನ್ನಿಂದಾಗುವುದಿಲ್ಲ." ಆ ಕಡೆಯ ಮೊಬೈಲು ಟುಂಯ್ ಟುಂಯ್ ಎಂದಿತು.

"ಅವಳ ಫೋನ್ ಕಾರ್ಡ್ ಖಾಲಿಯಾಗಿದೆ," ಎಂದರು ಅತ್ತೆ. "ನಾನೇ ಫೋನ್ ಮಾಡಿ ಹೇಳ್ತೇನೆ. ಇನ್ನೊಮ್ಮೆ ಹೇಳಿ, ಬರ್ಕೊಳ್ತೇನೆ."

ನಾಚಿಕೆ ಬಿಟ್ಟು ನಿಧಾನವಾಗಿ ಬರೆಸಿದೆ. "ಬಂದುಬಿಡು... ನೀನಿಲ್ಲದೆ..." ಅಲ್ಲಿಗೆ ಅಳು ಬಂದೇಬಿಟ್ಟಿತು. ಅತ್ತೆ ಕೇಳಿದರು:

"ಅಳುವುದನ್ನೂ ಬರ್ಕೊಳ್ಬೇಕಾ?"

"ಬರ್ಕೊಳ್ಳಿ ಅತ್ತೇ," ಎಂದೆ.