ಸೊಸೆಯ ಬಿಲ್ಡ್, ನನ್ನ ಗಡಿಯಾರ

ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಶಿಸ್ತು ಹೆಚ್ಚಿದಷ್ಟೂ ಫಜೀತಿ ಹೆಚ್ಚುತ್ತದೆ; ಏಕೆಂದು ನನಗೆ ಇನ್ನೂ ತಿಳಿದಿಲ್ಲ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಯಾರೂ ತಡಮಾಡಬಾರದೆಂದು ಮನೆಯ ಗಡಿಯಾರಗಳನ್ನೆಲ್ಲ ಅರ್ಧ ತಾಸು ಮುಂದಿಟ್ಟಿದ್ದೇನೆ. ಸೊಸೆಯದು ಸಾಫ್ಟ್‌ವೇರ್ ಕೆಲಸ. ನಡುಮನೆಯೇ ಅವಳ ಆಫೀಸು.

ದರ್ಜಿ

ಒಂದು ದಿನ ಹಾಡುಹಗಲೇ ಸೊಸೆ ಕೈಕಟ್ಟಿ ಕೂತಿದ್ದಳು.

"ಕೆಲಸ ಇಲ್ಲೇನು?"

"ಬಿಲ್ಡ್ ನಡದದರಿ ಅತ್ಯಾರ. ನಾವು ಬರದದ್ದನ್ನೆಲ್ಲ ಜೋಡಿಸಿ ಆ್ಯಪ್ ಮಾಡಿಕೊಡೋ ಟೂಲ್ ಇದು."

"ಏನು ಬದಲು ಮಾಡಿದಿ?"

"ಒಂದು ಅಕ್ಷರದ ಬಣ್ಣ. ಅಷ್ಟಕ್ಕ ಎಲ್ಲಾ ಮೊದಲಿಂದ ಮಾಡ್ತದರಿ."

"ಗುಂಡಿ ಹಚ್ಚಾಕ ಕೊಟ್ರ ಅಂಗೀನ ಬಿಚ್ಚಿ ಹೊಲಿಯೋ ದರ್ಜೀನ ನಾನು ಎರಡನೇ ಸಲ ಕರಿಯಂಗಿಲ್ಲ," ಎಂದೆ.

"ನಮ್ಮ ಆಫೀಸಿನ್ಯಾಗ ಅವಗ ಖಾಯಂ ನೌಕರಿ ಕೊಟ್ಟಾರ್ರಿ!"

ರುಚಿ

ಆಮೇಲೆ ಹೊಸ ಟೂಲ್ ಬಂತು. ಇದು ಬದಲಾದದ್ದನ್ನು ಮಾತ್ರ ಮತ್ತೆ ಮಾಡುತ್ತದಂತೆ.

"ಬದಲಾಗೇದಂತ ಅದಕ್ಕ ಹೆಂಗ ಗೊತ್ತು?"

"ಹೊತ್ತು ನೋಡ್ತದರಿ. ಸಾರು ಆದಮ್ಯಾಲೆ ಬ್ಯಾಳಿ ಮುಟ್ಟಿದ್ರ ಹೊಸಾ ಸಾರು ಮಾಡ್ತದ. ಇಲ್ಲಂದ್ರ ಹಳೇದ ಬಡಸ್ತದ."

"ಸಾರಿಗೆ ಉಪ್ಪ ಇಲ್ಲಂದ್ರ?"

"ರುಚಿ ನೋಡಂಗಿಲ್ರಿ. ಗಡಿಯಾರ ಅಷ್ಟ."

ಊಟಕ್ಕೆ ಕೂತಿದ್ದ ನಮ್ಮ ಯಜಮಾನರು ತಲೆ ಎತ್ತದೆ, "ಈ ಮನ್ಯಾಗ ಬಾಳೇವು ಮಾಡಾಕ ಅದ ಛಲೋ ಪದ್ಧತಿ," ಎಂದರು.

ನಾಲ್ಕು ಗಂಟೆ

ಒಮ್ಮೆ ಸೊಸೆ ತಾನು ಮಾಡಿದ ರೈತರ ಆ್ಯಪನ್ನು ನಾಲ್ಕು ಗಂಟೆಗೆ ಸಾಹೇಬರಿಗೆ ತೋರಿಸಬೇಕಿತ್ತು. ಒಪ್ಪಿದರೆ ಮುಂದಿನ ಕೆಲಸಕ್ಕೆಲ್ಲ ಅವಳೇ ಹಿರಿಯಳು. ಮೂರೂವರೆಗೆ ಬಿಲ್ಡ್ ಮಾಡಿ ನೋಡಿದರೆ ಹತ್ತಿಯ ಹೆಸರಿನ ಮೇಲೆ ಮೆಣಸಿನಕಾಯಿ ಚಿತ್ರ! ಲ್ಯಾಪ್‌ಟಾಪಿನ ಗಡಿಯಾರವೂ ಮುಂದಿತ್ತು, ಆಗಲೇ ನಾಲ್ಕು ತೋರಿಸುತ್ತಿತ್ತು. ಅದನ್ನು ಸರಿಮಾಡಿ, ಚಿತ್ರ ತಿದ್ದಿ, ಮತ್ತೆ ಬಿಲ್ಡ್ ಕೊಟ್ಟಳು. "ಹೊಸದೇನೂ ಇಲ್ಲ, ಎಲ್ಲ ತಯಾರಿದೆ" ಎಂದಿತು ಟೂಲ್. ಮೆಣಸಿನಕಾಯಿ ಅಲ್ಲೇ! ಮತ್ತೆ ತಿದ್ದಿದಳು, ಅದೇ ಉತ್ತರ. ಹುಡುಗಿಯ ಕಣ್ಣಲ್ಲಿ ನೀರು.

ಥಟ್ಟನೆ ನನ್ನ ಕಡೆ ತಿರುಗಿದಳು. "ಅತ್ಯಾರ, ಇದರ ಗಡಿಯಾರ ನೀವೇನರ ಮುಟ್ಟಿದ್ರೇನು?"

"ಮುಂಜಾನೆ ಅರ್ಧ ತಾಸು ಮುಂದ ಇಟ್ಟೆ. ಈ ಮನಿಗೆಲ್ಲಾ ಒಂದ ನಿಯಮ."

"ಅದಕ್ಕರಿ! ಮೊದಲಿನ ಆ್ಯಪಿನ ಮ್ಯಾಲೆ ನಾಲ್ಕು ಗಂಟೆ ಅಂತ ಬಿದ್ದದ. ಈಗಿನ್ನೂ ನಾಲ್ಕಾಗಿಲ್ಲ, ಹಂಗಾಗಿ ನಾನು ಈಗ ತಿದ್ದಿದ್ದ ಅದಕ್ಕ ಹಳೇದಾಗಿ ಕಾಣ್ತದ!"

ಹಳೆಯದನ್ನೆಲ್ಲ ಅಳಿಸಿ ಮೊದಲಿನಿಂದ ಬಿಲ್ಡ್ ಕೊಟ್ಟಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ, ಅಂದರೆ ಸರಿಯಾಗಿ ನಾಲ್ಕಕ್ಕೆ, ಪರದೆಯ ಮೇಲೆ ಹತ್ತಿ ಅರಳಿತು. ಸಾಹೇಬರು ಒಪ್ಪಿದರು.

"ತಪ್ಪು ಟೂಲಿಂದು," ಎಂದೆ. "ಇಷ್ಟು ಭೋಳೆ ಇರಬಾರದು."

"ಹಂಗನಬ್ಯಾಡ," ಎಂದರು ಯಜಮಾನರು. "ನಾವೆಲ್ಲಾ ನಿನ್ನ ಗಡಿಯಾರ ನೋಡಿ ಮನಸಿನ್ಯಾಗ ಅರ್ಧ ತಾಸು ಕಳದ ಬಿಡ್ತೀವಿ. ಇಷ್ಟು ವರ್ಷದಾಗ ಅದನ್ನ ಖರೇ ಅಂತ ನಂಬಿದ್ದು ಆ ಬಡಪಾಯಿ ಒಂದ!"