ರಾಜಕುಮಾರನಿಗೆ ಹುಣಸೆಹಣ್ಣಿನ ಸ್ನಾನ

ಯಾರ ಮನೆಗೆ ಹೋದರೂ ಕಣ್ಣಿಗೆ ಬಿದ್ದದ್ದನ್ನು ಹೊಗಳುವುದು ನನ್ನ ದೌರ್ಬಲ್ಯ. ಪರದೆಯನ್ನು ಹೊಗಳಿದರೆ ಅಂಗಡಿಯ ವಿಳಾಸ ಸಿಗುತ್ತದೆ, ಅಷ್ಟೇ. ಆದರೆ ಎಪ್ಪತ್ತರ ದಶಕದಲ್ಲಿ ಅಮೆರಿಕದ ಮಾರಿಸ್‌ಟೌನಿನ ನಮ್ಮ ಮನೆಯ ಮಾಲೀಕ ವಾಲ್ಟರನ ನಾಣ್ಯಗಳನ್ನು ಹೊಗಳಿ ಪೇಚಿಗೆ ಸಿಕ್ಕಿಕೊಂಡೆ. ಆತ ಕೆಳಗಿನ ಮನೆಯಲ್ಲಿದ್ದ ವಿಧುರ; ನಾವು ಮೇಲೆ. ಉಳಿದವರೆಲ್ಲ ನಮ್ಮ ಮಸಾಲೆಗೆ ಹೆದರಿ ಬಾಡಿಗೆಗೆ ಕೊಡದಿದ್ದಾಗ, "ಅಡುಗೆ ಘಮಘಮ ಅಂದರೆ ನನ್ನನ್ನೂ ಕರೆಯಿರಿ" ಎಂದು ಕೀಲಿ ಕೊಟ್ಟವನು. ಅವನು ಕೂಡಿಸುತ್ತಿದ್ದದ್ದು ಪ್ರಾಚೀನ ರೋಮಿನ ಕಂಚಿನ ನಾಣ್ಯಗಳನ್ನು. ಅದೂ ಚಕ್ರವರ್ತಿಗಳದ್ದಲ್ಲ, ಪಟ್ಟಕ್ಕೆ ಬರಬೇಕಿದ್ದ ಎಳೆಯ ರಾಜಕುಮಾರರದ್ದು. ಒಂದನ್ನು ನಾನು ಅತಿಯಾಗಿ ಹೊಗಳಿದೆ. "ಕೆಲವು ದಿನ ಇಟ್ಟುಕೊಂಡು ನೋಡು" ಎಂದು ಕೊಟ್ಟುಬಿಟ್ಟ.

ಆಗ ನನ್ನ ಹೆಂಡತಿಯ ಬಾಣಂತನಕ್ಕೆಂದು ಅತ್ತೆ ಧಾರವಾಡದಿಂದ ಬಂದಿದ್ದರು. ಶನಿವಾರ ನಾನು ಡಯಾಪರ್ ತರಲು ಹೋಗಿ ಬರುವಷ್ಟರಲ್ಲಿ, ಮೇಜಿನ ಮೇಲಿದ್ದ ನಾಣ್ಯವನ್ನೂ ದೇವರ ಸಾಮಾನಿನ ಜೊತೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ್ದರು. ಶತಮಾನಗಳ ಹಸಿರು ಪದರ ಹೋಗಿ ಅದು ಹೊಸ ಗಿಂಡಿಯಂತೆ ಹೊಳೆಯುತ್ತಿತ್ತು.

"ಎಷ್ಟ ಕಿಲುಬು ಹಿಡದಿತ್ತಪಾ" ಎಂದರು ಅತ್ತೆ. ನಾಣ್ಯ ಕೂಡಿಸುವವರಿಗೆ ಆ ಕಿಲುಬಿಗೇ ಬೆಲೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. "ಮೊದಲ ಹೋಗಿ ಹೇಳಿಬಿಡ್ರಿ" ಎಂದಳು ಹೆಂಡತಿ ಸರಳಾ. ನಾನು ಕ್ಷಮೆ ಕೇಳಲು ಇಂಗ್ಲಿಷ್ ವಾಕ್ಯಗಳನ್ನು ಜೋಡಿಸುತ್ತಿರುವಾಗಲೇ, ಸಾರಿನ ಘಮ ಹಿಡಿದು ವಾಲ್ಟರನೇ ಮೇಲೆ ಬಂದ.

ನಾಣ್ಯ ಕಂಡು ಅವನ ಮುಖ ಬಿಳಚಿತು. ಕುರ್ಚಿಯಲ್ಲಿ ಕುಸಿದ. ಅತ್ತೆ ಮಾತ್ರ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಮಾರಿ ನೋಡಿದ್ರ ಸಣ್ಣ ಹುಡುಗ ಇದ್ದಂಗ ಅದ. ಯಾರಂತ ಕೇಳ್ರಿ" ಎಂದರು. ನಾನು ಕೇಳಿದೆ. ಚಕ್ರವರ್ತಿಯೊಬ್ಬ ತನ್ನ ಮಗನೇ ಉತ್ತರಾಧಿಕಾರಿ ಎಂದು ಸಾರಿ ಈ ನಾಣ್ಯ ಹೊರಡಿಸಿದನೆಂದೂ, ಹುಡುಗನಿಗೆ ಮೀಸೆ ಮೂಡುವ ಮೊದಲೇ ಅಪ್ಪ ಮಗ ಇಬ್ಬರನ್ನೂ ಕೊಂದರೆಂದೂ ವಾಲ್ಟರ್ ಹೇಳಿದ.

ಅತ್ತೆ ನಾಣ್ಯವನ್ನು ಸೆರಗಿನಿಂದ ಒರೆಸಿದರು. "ಅಯ್ಯ ಪಾಪ. ಇವನ ಅವ್ವ ಏನಾದ್ಲಂತ?"

ವಾಲ್ಟರನಿಗೆ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. "ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾನೂ ಯೋಚಿಸಿರಲಿಲ್ಲ" ಎಂದು ಎದ್ದು ಕೆಳಗೆ ಹೋದ. ಇನ್ನು ಬೇರೆ ಮನೆ ಹುಡುಕಬೇಕು ಎಂದುಕೊಂಡೆ. ಅಷ್ಟರಲ್ಲಿ ಮತ್ತೊಂದು ನಾಣ್ಯ ಹಿಡಿದು ಬಂದ. ಅದರ ಮೇಲಿದ್ದದ್ದು ಆ ಹುಡುಗನ ತಾಯಿ. ರಾಜಕುಮಾರರ ಸಾಲಿಗೆ ಸೇರದವಳೆಂದು ಡಬ್ಬಿಯ ತಳದಲ್ಲಿ ಹಾಕಿಟ್ಟಿದ್ದನಂತೆ. ಎರಡನ್ನೂ ಅತ್ತೆಯ ಅಂಗೈಯಲ್ಲಿಟ್ಟು, "ಇಬ್ಬರೂ ಇವರ ಹತ್ತಿರವೇ ಇರಲಿ. ತಾಯಿಯನ್ನು ಮಾತ್ರ ತೊಳೆಯಬಾರದು ಎಂದು ಹೇಳು" ಎಂದ. ಆಮೇಲೆ ಕೂತು ಹೊಟ್ಟೆ ತುಂಬ ಸಾರನ್ನ ಉಂಡ.

ಇಂದಿಗೂ ಅತ್ತೆಯನ್ನೂ ವಾಲ್ಟರನನ್ನೂ ನೆನೆದು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಆದರೆ ಅಂದಿನಿಂದ ವಾಲ್ಟರ್ ಬಾಗಿಲು ತಟ್ಟಿದಾಗಲೆಲ್ಲ ಕೇಳುತ್ತಿದ್ದದ್ದು, "ಅವ್ವ ಇದ್ದಾರೆಯೇ?" ಎಂದು. ನಾನೂ ಇದ್ದೇನೆ ಎಂದರೆ, "ಒಳ್ಳೆಯದಾಯಿತು, ಅವರು ಹೇಳಿದ್ದನ್ನು ಇಂಗ್ಲಿಷಿಗೆ ಹಾಕಲು ಯಾರಾದರೂ ಬೇಕಲ್ಲ" ಎಂದು ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದ.