ಮೋರಿಯಾಚೆಯ ರಸ್ತೆಯ ಅಳತೆ

ರಸ್ತೆ ನಿರ್ವಹಣೆಯ ಉಸ್ತುವಾರಿ ಸಮಿತಿಯ ಮಾನ್ಯ ಅಧ್ಯಕ್ಷರಿಗೆ, ಮೋರಿಯಾಚೆಯ ಹಳ್ಳಿಯ ದರ್ಜಿ ತಲೆ ಬಾಗಿಸಿ ಮಾಡುವ ವಂದನೆಗಳು. ಬಾಗಿಸುವುದು ಗೌರವಕ್ಕೆ ಮಾತ್ರವಲ್ಲ. ನಮ್ಮ ರಸ್ತೆಯಲ್ಲಿ ತಲೆ ಎತ್ತಿ ನಡೆದವರ ಕಾಲು ನೆಟ್ಟಗೆ ಉಳಿದಿಲ್ಲ.

ಮಾನ್ಯರೇ, ನಮ್ಮ ನಾಲ್ಕು ಕಿಲೋಮೀಟರ್ ರಸ್ತೆಯನ್ನು ತಾವು ಮೂರು ತಿಂಗಳಿಗೊಮ್ಮೆ ತಪ್ಪದೆ ಪರಿಶೀಲಿಸುತ್ತೀರಿ. ಮೋರಿಯಾಚೆ ಮೊದಲ ಗುಂಡಿ ಕಂಡು ಚಾಲಕ ಮೋರಿಯ ಈಚೆಗೇ ಬ್ರೇಕ್ ಹಾಕುತ್ತಾನೆ, ತಾವು ಅಲ್ಲಿಂದಲೇ ಜೀಪು ತಿರುಗಿಸಿ ಕಚೇರಿಗೆ ಮರಳಿ, ‘ಪರಿಶೀಲಿಸಿದ ಭಾಗದಲ್ಲಿ ಗುಂಡಿಗಳು ಕಂಡುಬಂದಿಲ್ಲ’ ಎಂದು ವರದಿ ಬರೆಯುತ್ತೀರಿ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಈ ಶಿಸ್ತಿಗೆ ಮನಸೋತು ನಾನೂ ಗಿರಾಕಿಯೊಬ್ಬರ ಪ್ಯಾಂಟನ್ನು ಮಂಡಿಯವರೆಗಷ್ಟೇ ಹೊಲಿದು, ‘ಹೊಲಿದ ಭಾಗದಲ್ಲಿ ದೋಷವಿಲ್ಲ’ ಎಂಬ ಚೀಟಿ ಸಮೇತ ಕೊಟ್ಟೆ. ಆಡಳಿತದ ಸೂಕ್ಷ್ಮ ತಿಳಿಯದ ಅವರು ಅಂಗಡಿಯ ಮುಂದೆ ನಿಂತು ರಂಪ ಮಾಡಿದರು.

ತಾವು ಕಾಣದ ಭಾಗವನ್ನು ನಾನೇ ಟೇಪು ಹಿಡಿದು ಅಳೆದಿದ್ದೇನೆ. ಒಟ್ಟು ಅರವತ್ತೊಂದು ಗುಂಡಿಗಳು. ಶಾಲೆಯ ಮುಂದಿನದರ ಸುತ್ತಳತೆಗೆ ಟೇಪು ಸಾಲಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ ನನ್ನ ಸೊಸೆ. ಮುಂದಿನ ತಿಂಗಳ ಒಂಬತ್ತರ ಸುಮಾರಿಗೆ ಹೆರಿಗೆಯೆಂದು ವೈದ್ಯರು ಹೇಳಿದ್ದಾರೆ. ಆಂಬುಲೆನ್ಸ್ ಚಾಲಕನಿಗೆ ಮುಂಚೆಯೇ ಹೇಳಿಡೋಣವೆಂದು ಹೋದರೆ, “ಮೋರಿ ತನಕ ನಡೆಸ್ಕೊಂಡು ಬನ್ನಿ ಯಜಮಾನ್ರೇ, ಆಮೇಲೆ ನನ್ನ ಜವಾಬ್ದಾರಿ” ಎಂದ. ತಮ್ಮ ವರದಿಯ ಪ್ರತಿ ತೋರಿಸಿದೆ. “ಹಾಗಾದ್ರೆ ವರದಿ ಮೇಲೇ ಕೂರಿಸ್ಕೊಂಡು ಬನ್ನಿ!” ಎಂದುಬಿಟ್ಟ. ಇದನ್ನು ಕೇಳಿ ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು; ಆದರೆ ಅಂದಿನಿಂದ ದಿನಕ್ಕೆ ನಾಲ್ಕು ಸಲ ಕ್ಯಾಲೆಂಡರ್ ನೋಡುತ್ತಾಳೆ.

ಆದ್ದರಿಂದ ದಯಮಾಡಿ ಆ ಮೋರಿಯನ್ನು ಕಿತ್ತು ನಮ್ಮ ಮನೆ ಬಾಗಿಲಿಗೆ ತಂದಿಡಿಸಬೇಕು. ಅದಕ್ಕೆ ನಿಯಮ ಅಡ್ಡ ಬಂದರೆ, ಹೆರಿಗೆಯ ದಿನವನ್ನು ರಸ್ತೆ ದುರಸ್ತಿಯಾಗುವವರೆಗೆ ಮುಂದೂಡಿ ಆದೇಶ ಹೊರಡಿಸಬೇಕು. ಅದೂ ಆಗದಿದ್ದರೆ, ಒಂಬತ್ತರೊಳಗೆ ಒಮ್ಮೆ ಸಮಿತಿಯವರೆಲ್ಲ ಜೀಪಿನಿಂದ ಇಳಿದು ನಮ್ಮ ಮನೆಯವರೆಗೆ ನಡೆದು ಬರಬೇಕು. ನಡುದಾರಿಯಲ್ಲಿ ಸುಸ್ತಾದವರನ್ನು ಕೈಹಿಡಿದು ಕರೆತರಲು ತುಂಬು ಗರ್ಭಿಣಿಯಾದ ನನ್ನ ಸೊಸೆ ಒಪ್ಪಿದ್ದಾಳೆ.

ಇಂತಿ, ಎಡವಿ ಬಿದ್ದರೂ ನಂಬಿಕೆ ಬಿಡದ,
ತಮ್ಮ ವಿಶ್ವಾಸಿ,
ದರ್ಜಿ

ಮರೆತ ಮಾತು: ಮಗು ದಾರಿಯಲ್ಲೇ ಹುಟ್ಟಿದರೆ ಪಂಚಾಯಿತಿಯವರು ಜನನ ಪ್ರಮಾಣಪತ್ರ ಬರೆಯಬೇಕಾಗುತ್ತದೆ. ‘ಹುಟ್ಟಿದ ಸ್ಥಳ’ ಎಂಬಲ್ಲಿ ತಪ್ಪು ಬರೆಯುವಂತಾಗಬಾರದು. ಗುಂಡಿಗಳಿಗೆ ಈಗಲೇ ಒಂದೊಂದು ಹೆಸರಿಟ್ಟಿರಬೇಕಾಗಿ ಕೋರಿಕೆ. ದೊಡ್ಡದಕ್ಕೆ ತಮ್ಮ ಹೆಸರೇ ಇರಲಿ ಎಂದು ಊರಿನವರೆಲ್ಲ ಒಮ್ಮತದಿಂದ ಒಪ್ಪಿದ್ದಾರೆ.